ಯಂತ್ರಪ್ರಾಣಿಯೂ ಜೀವಂತ ಪ್ರಾಣಿಯೂ

ಬೆಳಗಾವಿ ನಗರದ ದಕ್ಷಿಣಕ್ಕಿರುವ ಖಾನಾಪುರವನ್ನು ದಾಟಿದೊಡನೆ ಸಹ್ಯಾದ್ರಿಯ ಕಾಡು ಆವರಿಸತೊಡಗುತ್ತದೆ. ಭತ್ತ, ಕಬ್ಬಿನ ಬೆಳೆಗೆ ಆನೆಗಳು ನುಗ್ಗುವುದು ಆ ಭಾಗದ ರೈತರಿಗೆ ಹೊಸತಲ್ಲ. ಖಾನಾಪುರದ ಕಾಡಂಚಿನ ಬಾಲಕನಿಗೆ ಆನೆಯೆಂದರೆ ರಾತ್ರಿಯ ಭಯ. ನಗರದ ಬಾಲಕನಿಗೆ ಉತ್ಸವದ ಕೌತುಕ. ಈ ಇಬ್ಬರೂ ಇಂದು ಅರಿಯಬೇಕಾದ ಮೂರನೆಯ ಆನೆಯೊಂದುಂಟು. ಅದು ಯಂತ್ರದ ಆನೆ.

2023ರಲ್ಲಿ ಮೈಸೂರು ಜಿಲ್ಲೆಯ ಸುತ್ತೂರು ಶ್ರೀ ವೀರಸಿಂಹಾಸನ ಮಠಕ್ಕೆ ‘ಶಿವ’ನೆಂಬ ಯಂತ್ರದ ಆನೆಯನ್ನು ಪ್ರಾಣಿದಯಾ ಸಂಸ್ಥೆಗಳು ಕೊಡುಗೆಯಾಗಿ ಅರ್ಪಿಸಿದವು. ಇಂಥ ಆನೆಯ ಎತ್ತರ ಸುಮಾರು 3 ಮೀಟರ್, ತೂಕ ಸುಮಾರು 800 ಕಿಲೋಗ್ರಾಂ. ಉಕ್ಕು, ರಬ್ಬರುಗಳಿಂದ ರೂಪುಗೊಂಡ ಅದರ ಕಿವಿ, ತಲೆ, ಬಾಲಗಳು ವಿದ್ಯುತ್ ಮೋಟಾರುಗಳಿಂದ ಅಲುಗುತ್ತವೆ. ಸೊಂಡಿಲು ನೀರನ್ನು ಚಿಮ್ಮುತ್ತದೆ. ಉತ್ಸವದ ಶೋಭೆಗೆ ಕುಂದಿಲ್ಲ. ಜೀವವೊಂದರ ಕಾಲಿಗೆ ಸರಪಳಿಯೂ ಇಲ್ಲ.

ಆದರೆ ಚಲಿಸುವುದೆಲ್ಲ ರೋಬಾಟ್ ಅಲ್ಲ. ಸುತ್ತಲಿನದನ್ನು ಗ್ರಹಿಸಿ, ಅದಕ್ಕೆ ತಕ್ಕಂತೆ ವರ್ತಿಸುವ ಯಂತ್ರಕ್ಕೆ ಮಾತ್ರ ಆ ಹೆಸರು ಸಲ್ಲುತ್ತದೆ. 1940ರ ದಶಕದ ಕೊನೆಗೆ ಇಂಗ್ಲೆಂಡಿನ ಗ್ರೇ ವಾಲ್ಟರ್ ಎಂಬ ವಿಜ್ಞಾನಿ ಬೆಳಕನ್ನರಸಿ ಚಲಿಸುವ ಎರಡು ಯಂತ್ರದ ಆಮೆಗಳನ್ನು ನಿರ್ಮಿಸಿದರು. ಅತ್ಯಲ್ಪ ಉಪಕರಣಗಳಿಂದಲೇ ಜೀವಿಯಂಥ ನಡವಳಿಕೆ ಹುಟ್ಟಬಲ್ಲದೆಂಬುದು ಅವುಗಳಿಂದ ವಿದಿತವಾಯಿತು.

ಒಡನಾಟಕ್ಕೆಂದೇ ರಚಿತವಾದ ಯಂತ್ರಪ್ರಾಣಿಗಳಲ್ಲಿ ಜಪಾನಿನ ‘ಪಾರೋ’ ಪ್ರಸಿದ್ಧವಾದುದು. ತಕನೋರಿ ಶಿಬಾಟ ಎಂಬ ವಿಜ್ಞಾನಿ 1993ರಲ್ಲಿ ಆರಂಭಿಸಿದ ಸಂಶೋಧನೆಯ ಫಲವಿದು. ಬಿಳಿಯ ಮೃದುರೋಮದ ಈ ಸೀಲ್‌ಮರಿ ಸ್ಪರ್ಶ, ಧ್ವನಿ, ಬೆಳಕುಗಳನ್ನು ಗ್ರಹಿಸುತ್ತದೆ. ನೇವರಿಸಿದರೆ ಕಣ್ಣು ಮಿಟುಕಿಸಿ ದನಿಗೈಯುತ್ತದೆ. ನಾಯಿ, ಬೆಕ್ಕುಗಳ ರೂಪ ಕೊಟ್ಟಿದ್ದರೆ ಜನರು ನಿಜವಾದವುಗಳೊಡನೆ ಹೋಲಿಸಿ ಕೊರತೆಯನ್ನೆಣಿಸುತ್ತಿದ್ದರು. ಸೀಲ್‌ನೊಡನೆ ಒಡನಾಡಿದವರು ವಿರಳ. ನೆನಪು ಮಾಸಿದ ವೃದ್ಧರ ಆರೈಕೆಯಲ್ಲಿ ಇದು ಬಳಕೆಯಲ್ಲಿದೆ. ಕಚ್ಚುವ ಭಯವಿಲ್ಲ, ಉಣಿಸುವ ಹೊರೆಯೂ ಇಲ್ಲ.

ಗುಣವಾಗಿ ತೋರುವ ಈ ಸಂಗತಿಯಲ್ಲಿಯೇ ಆಲೋಚಿಸತಕ್ಕ ಅಂಶವಿದೆ. ಹಸಿವಿಲ್ಲದ ಒಡನಾಡಿ ನಮ್ಮಿಂದ ಏನನ್ನೂ ಬೇಡುವುದಿಲ್ಲ. ಕೊಟ್ಟಿಗೆಯ ಎಮ್ಮೆ ಹಬ್ಬದ ದಿನವೂ ಮೇವು ಕೇಳುತ್ತದೆ. ಮನೆಯ ಮಗು ಅದರಿಂದಲೇ ಹೊಣೆಯನ್ನು ಕಲಿಯುತ್ತದೆ. ಮಕ್ಕಳು ಪುಣೆ, ಬೆಂಗಳೂರುಗಳಲ್ಲಿ ನೆಲೆಸಿರಲು ಬೆಳಗಾವಿಯ ಮನೆಯಲ್ಲಿ ಒಂಟಿಯಾದ ತಾಯಿಗೆ ಯಂತ್ರದ ಮರಿ ಸಾಂತ್ವನ ನೀಡಬಹುದು. ಆದರೆ ಮಗನು ಊರಿಗೆ ಬಾರದಿರುವುದಕ್ಕೆ ಅದು ನೆಪವಾಗಕೂಡದು.

ಆನೆಯ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ. ಯಂತ್ರವು ಒಂದು ಆನೆಯನ್ನು ಸರಪಳಿಯಿಂದ ಉಳಿಸಬಲ್ಲದು. ಕಾಡಾನೆಯ ದಾರಿಯನ್ನು ಕಾಯಲಾರದು. 2025ರ ನವೆಂಬರಿನಲ್ಲಿ ಖಾನಾಪುರ ತಾಲ್ಲೂಕಿನಲ್ಲಿ ಎರಡು ಕಾಡಾನೆಗಳು ವಿದ್ಯುತ್ ತಂತಿ ತಗುಲಿ ಅಸುನೀಗಿದವು. ಬೆಳೆ ಕಳೆದುಕೊಳ್ಳುವ ರೈತನ ಸಂಕಟವೂ ಸಾಯುವ ಆನೆಯ ಸಂಕಟವೂ ಒಂದೇ ನೆಲದವು. ಇವೆರಡಕ್ಕೂ ಪರಿಹಾರ ಮನುಷ್ಯನ ವಿವೇಕದಿಂದಲೇ ಬರಬೇಕು.

ಆದುದರಿಂದ ಯಂತ್ರಪ್ರಾಣಿಯನ್ನು ಕಂಡಾಗ ವಿದ್ಯಾರ್ಥಿಯು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಯುಕ್ತ. ಇದು ಯಾವ ಜೀವದ ನೋವನ್ನು ತಗ್ಗಿಸಿತು? ಇದರ ನೆಪದಲ್ಲಿ ಯಾವ ಜೀವದ ಹೊಣೆಯನ್ನು ನಾವು ಮರೆತೆವು? ಮೊದಲನೆಯದಕ್ಕೆ ಉತ್ತರ ದೊರೆತು, ಎರಡನೆಯದಕ್ಕೆ ಉತ್ತರವೇ ಇಲ್ಲದಿದ್ದರೆ ಆ ಯಂತ್ರ ಸಾರ್ಥಕ.