ನೇರಳೆ ಹಣ್ಣು

ಸಂಸ್ಕೃತದ ಜಂಬೂಫಲವೇ ನಮ್ಮ ನೇರಳೆ. ಜಂಬೂದ್ವೀಪಕ್ಕೆ ಹೆಸರನ್ನಿತ್ತುದು ಈ ವೃಕ್ಷವೆಂದು ಪುರಾಣಗಳು ಹೇಳುತ್ತವೆ. ಕನ್ನಡಿಗರಾದರೋ ಒಂದು ಬಣ್ಣಕ್ಕೇ ಇದರ ಹೆಸರನ್ನಿಟ್ಟರು. ಮುಂಗಾರಿನ ಮೊದಲ ಮಳೆಗಳೊಡನೆ ಮಾಗುವ ಈ ಹಣ್ಣಿನಲ್ಲಿ ಸಿಹಿ, ಹುಳಿ, ಒಗರು ಮೂರೂ ಉಂಟು. ಚಿಟಿಕೆ ಉಪ್ಪು ಬೆರೆಸಿ ಕುಲುಕಿದರೆ ಒಗರು ತಗ್ಗಿ ಸವಿ ಮೇಲೇಳುತ್ತದೆ. ತಿಂದವನ ನಾಲಗೆಯೇ ಸಾಕ್ಷಿ ನುಡಿಯುವುದರಿಂದ ಕದ್ದು ತಿನ್ನುವವರಿಗೆ ಇದು ತಕ್ಕ ಹಣ್ಣಲ್ಲ! ಆ ವರ್ಣದ್ರವ್ಯವನ್ನು ವಿಜ್ಞಾನಿಗಳು ಆಂಥೋಸಯನಿನ್ ಎನ್ನುತ್ತಾರೆ. ಒಗರಿಗೆ ಕಾರಣ ಟ್ಯಾನಿನ್. ‘ಸಿ’ ಜೀವಸತ್ವವೂ ಇದರಲ್ಲಿದೆ. ಆಯುರ್ವೇದವು ಇದನ್ನು ಗ್ರಾಹಿ, ಎಂದರೆ ಅತಿಸಾರವನ್ನು ತಡೆಯುವಂಥದು, ಎನ್ನುತ್ತದೆ. ಆದುದರಿಂದಲೇ ಮಿತಿಮೀರಿ ತಿಂದರೆ ಮಲಬದ್ಧತೆಯುಂಟಾಗುತ್ತದೆ. ಬೀಜದ ಪುಡಿಯನ್ನು ಮಧುಮೇಹಕ್ಕೆ ಬಳಸುವ ರೂಢಿ ಹಳೆಯದು. ಆದರೆ ಅದೊಂದನ್ನೇ ನಂಬಿ ವೈದ್ಯರಿತ್ತ ಗುಳಿಗೆಯನ್ನು ನಿಲ್ಲಿಸಿದರೆ ಪ್ರಾಣಕ್ಕೇ ಕೇಡು. ವಿದ್ಯಾರ್ಥಿಗಳು ಮನೆಯ ಹಿರಿಯರಿಗೆ ಇದನ್ನು ವಿನಯದಿಂದ ತಿಳಿಸಬೇಕು. ಹಣ್ಣು ಬೇಗ ಕೆಡುವುದರಿಂದ ತಂದ ದಿನವೇ ತೊಳೆದು ತಿನ್ನುವುದು ಮೇಲು.