ವೃದ್ಧರ ಆರೈಕೆ ಕೇಂದ್ರವನ್ನು ಪರೀಕ್ಷಿಸುವ ಬಗೆ

ಚಿಕಿತ್ಸೆಯೆಂಬುದು ವೈದ್ಯನೊಬ್ಬನಿಂದ ಆಗುವ ಕಾರ್ಯವಲ್ಲ. ಚರಕಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯವು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ ಮತ್ತು ರೋಗಿ. ಇವುಗಳಲ್ಲಿ ಯಾವ ಪಾದ ಕುಂಟಿದರೂ ಉಳಿದ ಮೂರು ಸೋಲುತ್ತವೆ. ವೃದ್ಧಾಪ್ಯದಲ್ಲಂತೂ ಔಷಧಕ್ಕಿಂತ ಪರಿಚರ್ಯೆಯ ಭಾರವೇ ಹೆಚ್ಚು. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆ, ಮಕ್ಕಳು ದೂರದ ಊರುಗಳಲ್ಲಿ ನೆಲೆಸಿ, ಹಿರಿಯರನ್ನು ನರ್ಸಿಂಗ್ ಹೋಮಿನಲ್ಲಿಯೋ ವೃದ್ಧಾಶ್ರಮದಲ್ಲಿಯೋ ಇರಿಸುವ ಪ್ರಸಂಗ ಈಗ ಅನೇಕ ಸದ್ಭಕ್ತರ ಮನೆಗಳಲ್ಲಿ ಬಂದಿದೆ. ಅಂತಹ ಸ್ಥಳವನ್ನು ಆರಿಸುವಾಗಲೂ, ಆರಿಸಿದ ಮೇಲೂ ಏನೇನನ್ನು ಪರೀಕ್ಷಿಸಬೇಕೆಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ಎಂಟು ವರ್ಷಗಳ ಹಿಂದೆ ನನ್ನ ಹಿರಿಯಕ್ಕ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಅವರಿಗೆ ಮಕ್ಕಳಿರಲಿಲ್ಲ. ಶಸ್ತ್ರಚಿಕಿತ್ಸೆಯ ಬಳಿಕ ಒಂದು ಆರೈಕೆ ಕೇಂದ್ರಕ್ಕೆ ಸೇರಿಸಿದೆನು. ಅಲ್ಲಿಯ ಹೂದೋಟ, ಹೊಳೆಯುವ ನೆಲ, ಪ್ರಾರ್ಥನಾ ಕೊಠಡಿ ಇವುಗಳನ್ನು ಕಂಡು ತೃಪ್ತನಾಗಿ ರುಜು ಹಾಕಿದೆನು. ಪ್ರತಿ ಭಾನುವಾರ ಹಣ್ಣು ತೆಗೆದುಕೊಂಡು ಹೋಗಿ, ನಾಡಿ ಹಿಡಿದು, "ಹೆಂಗದೀ ಅಕ್ಕಾ?" ಎಂದು ಕೇಳುತ್ತಿದ್ದೆನು. "ಆರಾಮ ಅದೀನಿ ತಮ್ಮಾ" ಎನ್ನುತ್ತಿದ್ದರು. ಐದನೆಯ ಭಾನುವಾರ ಹಾಸಿಗೆಯ ಬಳಿ ದುರ್ಗಂಧ ಬಂದಿತು. ಹೊದಿಕೆ ಸರಿಸಿ ಪಕ್ಕಕ್ಕೆ ಹೊರಳಿಸಿ ನೋಡಿದರೆ ಸೊಂಟದ ಕೆಳಗೆ ಅಂಗೈಯಗಲದ ವ್ರಣ. ಮೂವತ್ತು ವರ್ಷ ವೈದ್ಯವೃತ್ತಿ ಮಾಡಿದ ನಾನು ನಾಲ್ಕು ವಾರ ನಾಡಿ ನೋಡಿದೆನೇ ಹೊರತು ಬೆನ್ನು ನೋಡಲಿಲ್ಲ. ರಾತ್ರಿ ಹದಿನಾಲ್ಕು ಮಂದಿ ರೋಗಿಗಳಿಗೆ ಒಬ್ಬಳೇ ಹೆಣ್ಣುಮಗಳು ಪರಿಚಾರಕಿಯೆಂಬ ಸಂಗತಿಯೂ ಅಂದೇ ತಿಳಿಯಿತು. ಅದು ಅವಳ ತಪ್ಪಲ್ಲ. ಸೇರಿಸುವ ಮುನ್ನ ಕೇಳದೆ ಇದ್ದುದು ನನ್ನ ತಪ್ಪು. ಆ ವ್ರಣ ಮಾಯಲು ಮೂರು ತಿಂಗಳು ಹಿಡಿಯಿತು.

೧. ಕಾಗದಪತ್ರಗಳು

ನಮ್ಮಲ್ಲಿ ನರ್ಸಿಂಗ್ ಹೋಮ್ ಎಂದರೆ ಸಣ್ಣ ಖಾಸಗಿ ಆಸ್ಪತ್ರೆ; ವೃದ್ಧಾಶ್ರಮವೆಂದರೆ ವಾಸದ ಸ್ಥಳ. ಇವೆರಡೂ ಒಂದೇ ಅಲ್ಲ. ಖಾಸಗಿ ಆಸ್ಪತ್ರೆಗಳೂ ನರ್ಸಿಂಗ್ ಹೋಮ್‌ಗಳೂ ೨೦೦೭ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದ ಪ್ರಕಾರ ನೋಂದಣಿಯಾಗಿರಬೇಕು. ನೋಂದಣಿ ಪತ್ರವೂ ದರಪಟ್ಟಿಯೂ ಜನರಿಗೆ ಕಾಣುವಂತಿರಬೇಕು. ಅವು ಕಾಣದಿದ್ದರೆ ಸಂಕೋಚವಿಲ್ಲದೆ ಕೇಳಿರಿ. ವೃದ್ಧಾಶ್ರಮವಾದರೆ ಅದನ್ನು ಯಾವ ಸಂಸ್ಥೆ ನಡೆಸುತ್ತದೆ, ವೈದ್ಯರು ವಾರಕ್ಕೆ ಎಷ್ಟು ಸಲ ಬರುತ್ತಾರೆ, ರಾತ್ರಿ ತುರ್ತು ಒದಗಿದರೆ ಯಾವ ಆಸ್ಪತ್ರೆಗೆ ಯಾವ ವಾಹನದಲ್ಲಿ ಒಯ್ಯುತ್ತಾರೆ ಎಂಬ ಪ್ರಶ್ನೆಗಳಿಗೆ ಸ್ಪಷ್ಟ ಉತ್ತರ ದೊರೆಯಬೇಕು. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಸಿದ್ಧತೆ ಇಲ್ಲದ ಆಶ್ರಮಕ್ಕೆ ಹಾಸಿಗೆ ಹಿಡಿದವರನ್ನು ಸೇರಿಸುವುದು ಇಬ್ಬರಿಗೂ ಮಾಡುವ ಅನ್ಯಾಯ.

೨. ಕಟ್ಟಡ

ಸೂತ್ರಸ್ಥಾನದ ಹದಿನೈದನೆಯ ಅಧ್ಯಾಯದಲ್ಲಿ ರೋಗಿಯ ಗೃಹದ ವರ್ಣನೆ ಇದೆ. ಅದು ಗಟ್ಟಿಯಾಗಿರಬೇಕು, ನೇರ ಗಾಳಿ ಹೊಡೆಯದೆ ಒಂದು ಕಡೆಯಿಂದ ಗಾಳಿಯಾಡಬೇಕು, ಸುಖವಾಗಿ ಓಡಾಡುವಂತಿರಬೇಕು, ಹೊಗೆ, ಧೂಳು, ಬಿಸಿಲುಗಳ ಬಾಧೆ ಇರಬಾರದು, ನೀರು, ಸ್ನಾನಗೃಹ, ಶೌಚಗೃಹ, ಅಡುಗೆಮನೆಗಳಿರಬೇಕು ಎಂದು ಆಚಾರ್ಯರು ವಿಧಿಸಿದ್ದಾರೆ. ಇಂದಿಗೂ ಈ ಪಟ್ಟಿಯನ್ನೇ ಹಿಡಿದು ನೋಡಬಹುದು. ಶೌಚಗೃಹದ ನೆಲ ಜಾರುತ್ತದೆಯೇ, ಗೋಡೆಗೆ ಹಿಡಿಕೆಗಳಿವೆಯೇ, ಹಾಸಿಗೆಯಿಂದ ಅಲ್ಲಿಯವರೆಗೆ ರಾತ್ರಿ ದೀಪ ಇರುತ್ತದೆಯೇ, ದಾರಿಯಲ್ಲಿ ಹೊಸ್ತಿಲು ಅಡ್ಡವಾಗುತ್ತದೆಯೇ ಎಂಬುದನ್ನು ನೀವೇ ನಡೆದು ಪರೀಕ್ಷಿಸಿರಿ. ವೃದ್ಧರು ಬೀಳುವುದು ಬಹುಮಟ್ಟಿಗೆ ಇಲ್ಲಿಯೇ. ಬೆಂಕಿ ಬಿದ್ದರೆ ಹೊರಬರಲು ಎರಡನೆಯ ದಾರಿ ಇದೆಯೇ, ಅದಕ್ಕೆ ಬೀಗ ಹಾಕಿದ್ದಾರೆಯೇ ಎಂಬುದನ್ನೂ ನೋಡಿರಿ. ನಡೆಯಲಾರದವರನ್ನು ಮೇಲಿನ ಅಂತಸ್ತಿನಲ್ಲಿ ಇರಿಸಿದ್ದರೆ ಇಳಿಸುವವರು ಯಾರೆಂದು ಕೇಳಿರಿ.

೩. ಪರಿಚಾರಕರು

ಪರಿಚಾರಕನಿಗೆ ಚರಕನು ನಾಲ್ಕು ಗುಣಗಳನ್ನು ಹೇಳಿದ್ದಾನೆ: ಉಪಚಾರದ ಜ್ಞಾನ, ದಕ್ಷತೆ, ರೋಗಿಯಲ್ಲಿ ಅನುರಾಗ, ಶುಚಿತ್ವ. ಈ ನಾಲ್ಕನ್ನೂ ಕಣ್ಣಿನಿಂದಲೇ ಅಳೆಯಬಹುದು. ಜ್ಞಾನವನ್ನು ತಿಳಿಯಲು, ರೋಗಿಯನ್ನು ಹಾಸಿಗೆಯಿಂದ ಕುರ್ಚಿಗೆ ಹೇಗೆ ಎತ್ತುತ್ತಾರೆಂದು ನೋಡಿರಿ. ಕಂಕುಳಿಗೆ ಕೈಹಾಕಿ ಎಳೆಯುವವರಿಗೆ ಶಿಕ್ಷಣವಾಗಿಲ್ಲ. ದಕ್ಷತೆಯನ್ನು ತಿಳಿಯಲು, ಕರೆಗಂಟೆ ಒತ್ತಿ ಯಾರಾದರೂ ಬರುವವರೆಗೆ ಗಡಿಯಾರ ನೋಡಿರಿ. ಅನುರಾಗವನ್ನು ತಿಳಿಯಲು, ಮಾತಾಡಲಾರದ ರೋಗಿಯೊಡನೆ ಅವರು ಮಾತಾಡುತ್ತಾರೆಯೇ ಎಂಬುದನ್ನು ಗಮನಿಸಿರಿ. ಶುಚಿತ್ವವನ್ನು ತಿಳಿಯಲು, ಒಬ್ಬ ರೋಗಿಯಿಂದ ಮತ್ತೊಬ್ಬನ ಬಳಿಗೆ ಹೋಗುವಾಗ ಕೈ ತೊಳೆಯುತ್ತಾರೆಯೇ ಎಂದು ನೋಡಿರಿ. ಸೋಪು ಹಚ್ಚಿ ಕೈ ತೊಳೆಯುವ ಪೂರ್ಣ ಕ್ರಮಕ್ಕೆ ೪೦ರಿಂದ ೬೦ ಸೆಕೆಂಡುಗಳು ಬೇಕು.

ಹಗಲಿನ ಸಿಬ್ಬಂದಿಯ ಸಂಖ್ಯೆಯಷ್ಟನ್ನೇ ಕೇಳಿ ಸುಮ್ಮನಾಗಬೇಡಿರಿ. ರಾತ್ರಿ ಎಷ್ಟು ಜನ, ಅವರ ಪಾಲಿಗೆ ಹಾಸಿಗೆ ಹಿಡಿದವರು ಎಷ್ಟು ಮಂದಿ ಎಂಬುದೇ ನಿಜವಾದ ಪ್ರಶ್ನೆ. ಮೊದಲ ಭೇಟಿಯನ್ನು ತಿಳಿಸಿ ಮಾಡಿದರೂ ಎರಡನೆಯ ಭೇಟಿಯನ್ನು ತಿಳಿಸದೆ, ರಾತ್ರಿಯ ಊಟದ ಹೊತ್ತಿಗೆ ಅಥವಾ ಹಬ್ಬದ ದಿನ ಮಾಡಿರಿ.

೪. ಶಯ್ಯಾವ್ರಣ

ಆರೈಕೆಯ ಗುಣಮಟ್ಟವನ್ನು ಚರ್ಮವೇ ಹೇಳುತ್ತದೆ. ಒಂದೇ ಭಂಗಿಯಲ್ಲಿ ಮಲಗಿದವರಲ್ಲಿ ಮೂಳೆಗೂ ಹಾಸಿಗೆಗೂ ನಡುವೆ ಚರ್ಮ ಒತ್ತಿ, ರಕ್ತಸಂಚಾರ ನಿಂತು, ಮಾಂಸ ಸಾಯುತ್ತದೆ. ಸೊಂಟದ ಕೆಳಭಾಗ, ಹಿಮ್ಮಡಿ, ಪೃಷ್ಠದ ಪಕ್ಕಗಳು, ಮೊಣಕೈ, ತಲೆಯ ಹಿಂಭಾಗ ಇವು ಮುಖ್ಯ ಸ್ಥಳಗಳು. ಪ್ರತಿ ಭೇಟಿಯಲ್ಲಿ, ಹಿರಿಯರ ಒಪ್ಪಿಗೆ ಪಡೆದು, ಮರೆಮಾಡಿ, ಇವುಗಳನ್ನು ನೋಡಿರಿ. ಕೆಂಪಾದ ಕಡೆ ಬೆರಳಿನಿಂದ ಒತ್ತಿದಾಗ ಬಿಳಿಚಿಕೊಳ್ಳದೆ ಕೆಂಪಾಗಿಯೇ ಉಳಿದರೆ ಅದು ವ್ರಣದ ಆರಂಭ. ನಮ್ಮ ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣದಿರಬಹುದು. ಆಗ ಸುತ್ತಲಿನ ಚರ್ಮಕ್ಕಿಂತ ಬಿಸಿಯಾಗಿಯೋ ಗಟ್ಟಿಯಾಗಿಯೋ ಹೆಚ್ಚು ಕಪ್ಪಾಗಿಯೋ ಇರುವ ಭಾಗವನ್ನು ಕೈಯಿಂದ ಗುರುತಿಸಬೇಕು.

ಹೊರಳಲಾರದವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಬದಲಿಸಿದ ಹೊತ್ತನ್ನು ಬರೆದಿಡಬೇಕು. ಗಾಳಿಹಾಸಿಗೆ ಸಹಾಯಕವೇ, ಆದರೆ ಅದು ಹೊರಳಿಸುವಿಕೆಗೆ ಬದಲಿಯಲ್ಲ. ನಡುವೆ ರಂಧ್ರವಿರುವ ಉಂಗುರದಿಂಬು ಸುತ್ತಲಿನ ರಕ್ತಸಂಚಾರಕ್ಕೆ ಅಡ್ಡಿಯಾಗುವುದರಿಂದ ಬೇಡ. ಅಭ್ಯಂಗವನ್ನು ಹೊಗಳುವ ನಾನೇ ಹೇಳುತ್ತೇನೆ: ಕೆಂಪಾದ ಭಾಗವನ್ನು ಎಣ್ಣೆ ಹಚ್ಚಿ ತಿಕ್ಕಬಾರದು, ಒಳಗೆ ನೊಂದ ಮಾಂಸ ಮತ್ತಷ್ಟು ಹರಿಯುತ್ತದೆ. ಮೂತ್ರನಳಿಕೆ ಇದ್ದರೆ ಅದರ ಚೀಲ ಮೂತ್ರಾಶಯಕ್ಕಿಂತ ಕೆಳಗಿರಬೇಕು, ನೆಲಕ್ಕೆ ತಾಗಬಾರದು.

೫. ಅನ್ನಪಾನ

ಊಟದ ಹೊತ್ತಿನಲ್ಲಿ ಅರ್ಧ ಗಂಟೆ ಕುಳಿತರೆ ಅನೇಕ ಸಂಗತಿಗಳು ತಿಳಿಯುತ್ತವೆ. ತಟ್ಟೆ ಇಟ್ಟು ಹೋಗುತ್ತಾರೆಯೇ, ಉಣ್ಣಿಸುತ್ತಾರೆಯೇ? ಮಲಗಿಸಿಯೇ ತುತ್ತಿಡುತ್ತಿದ್ದರೆ ಅದು ಅಪಾಯ. ಅನ್ನ ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ನೆಟ್ಟಗೆ ಕೂರಿಸಿ ಉಣ್ಣಿಸಿ, ಆಮೇಲೂ ಅರ್ಧ ಗಂಟೆ ಹಾಗೆಯೇ ಕೂರಿಸಬೇಕು. ನೀರಿನ ಲೋಟ ಕೈಗೆಟುಕುವಲ್ಲಿ ಇದೆಯೇ ನೋಡಿರಿ. ಒಣಗಿದ ನಾಲಗೆ, ಗಾಢವಾದ ಮೂತ್ರ, ಹೊಸದಾಗಿ ಬಂದ ಗೊಂದಲ ಇವು ನೀರಿನ ಕೊರತೆಯ ಲಕ್ಷಣಗಳಾಗಿರಬಹುದು. ತಿಂಗಳಿಗೊಮ್ಮೆ ತೂಕ ನೋಡಿ ಬರೆದಿಡಲು ಹೇಳಿರಿ. ಒಂದು ತಿಂಗಳಲ್ಲಿ ತೂಕ ನೂರಕ್ಕೆ ಐದರಷ್ಟು, ಎಂದರೆ ೫೦ ಕಿಲೋ ಇದ್ದವರಲ್ಲಿ ಎರಡೂವರೆ ಕಿಲೋ, ಇಳಿದರೆ ವೈದ್ಯರು ಕಾರಣ ಹುಡುಕಬೇಕು.

೬. ಔಷಧ

ಪ್ರತಿಯೊಬ್ಬರಿಗೂ ಪ್ರತ್ಯೇಕ ಪಟ್ಟಿ ಇರಬೇಕು. ಔಷಧದ ಹೆಸರು, ಪ್ರಮಾಣ, ಹೊತ್ತು, ಕೊಟ್ಟವರ ರುಜು ಅದರಲ್ಲಿರಬೇಕು. ನಾವು ಕೊಡುವ ಕಷಾಯ, ಚೂರ್ಣಗಳೂ ಅದೇ ಪಟ್ಟಿಯಲ್ಲಿ ಸೇರಬೇಕು. ರಕ್ತದೊತ್ತಡ, ಮಧುಮೇಹಗಳ ಗುಳಿಗೆಗಳನ್ನು ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಹಿರಿಯರು ಹಗಲೆಲ್ಲ ತೂಕಡಿಸುತ್ತಿದ್ದರೆ, ನಿದ್ರೆಯ ಗುಳಿಗೆ ಯಾರ ಸಲಹೆಯಿಂದ, ಯಾವ ಕಾರಣಕ್ಕೆ ಕೊಡುತ್ತಿದ್ದಾರೆಂದು ಕೇಳಿರಿ. ಪರಿಚಾರಕರ ಅನುಕೂಲಕ್ಕಾಗಿ ಮಲಗಿಸುವುದೂ, ಕೈಕಾಲು ಕಟ್ಟುವುದೂ ಚಿಕಿತ್ಸೆಯಲ್ಲ.

೭. ಗೌರವ

ಸ್ನಾನದ ವೇಳೆ ತೆರೆ ಹಾಕುತ್ತಾರೆಯೇ? ಕನ್ನಡಕ, ಶ್ರವಣಯಂತ್ರ, ದಂತಪಂಕ್ತಿ ಅವರವರ ಬಳಿಯೇ ಇವೆಯೇ? ಇಷ್ಟಲಿಂಗಪೂಜೆ ಮಾಡುವವರಿಗೆ ಬೆಳಿಗ್ಗೆ ಶುಚಿಯಾಗಿ ಕೂರಲು ನೆರವು, ವಿಭೂತಿ, ನೀರು ದೊರೆಯುತ್ತವೆಯೇ? ಕೇಂದ್ರದವರ ಎದುರಿನಲ್ಲಿ ಹಿರಿಯರು ದೂರು ಹೇಳುವುದಿಲ್ಲ. ಅವರೊಬ್ಬರೇ ಇರುವಾಗ, "ಆರಾಮ ಇದ್ದೀರಾ?" ಎಂದು ಕೇಳದೆ, "ನಿನ್ನೆ ರಾತ್ರಿ ಬಾಯಾರಿದಾಗ ನೀರು ಯಾರು ಕೊಟ್ಟರು?" ಎಂದು ಕೇಳಿರಿ. ಮೊದಲನೆಯದಕ್ಕೆ ನನ್ನ ಅಕ್ಕನ ಉತ್ತರವೇ ಬರುತ್ತದೆ. ಎರಡನೆಯದಕ್ಕೆ ನಿಜ ಬರುತ್ತದೆ.

೮. ದೋಷ ಕಂಡಾಗ

ಜಗಳಕ್ಕೆ ಮೊದಲು ಬರವಣಿಗೆ. ದಿನಾಂಕ, ಹೊತ್ತು, ಕಂಡದ್ದು ಇವನ್ನು ಬರೆದು ಮುಖ್ಯಸ್ಥರಿಗೆ ಕೊಟ್ಟು ಪ್ರತಿಯನ್ನು ಇಟ್ಟುಕೊಳ್ಳಿರಿ. ಸರಿಯಾಗದಿದ್ದರೆ ನರ್ಸಿಂಗ್ ಹೋಮಿನ ವಿಷಯವನ್ನು ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ, ವೃದ್ಧಾಶ್ರಮದ ವಿಷಯವನ್ನು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಗೆ ತಿಳಿಸಬಹುದು. ೧೪೫೬೭ ಎಂಬುದು ಹಿರಿಯರ ರಾಷ್ಟ್ರೀಯ ಸಹಾಯವಾಣಿ. ಜೀವಕ್ಕೆ ಅಪಾಯವಿದ್ದರೆ ಪತ್ರಕ್ಕಾಗಿ ಕಾಯದೆ ಆಸ್ಪತ್ರೆಗೆ ಒಯ್ಯಿರಿ.

ಒಳ್ಳೆಯ ಕೇಂದ್ರಗಳೂ ನಮ್ಮ ನಡುವೆ ಇವೆ. ಅಲ್ಲಿಯ ಪರಿಚಾರಕರು ಇಂತಹ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ, ಕೇಳುವವರಿದ್ದಾರೆಂದು ಸಂತೋಷಪಡುತ್ತಾರೆ. ಅವರ ಕಾಯಕವನ್ನು ಕಂಡಾಗ ಎರಡು ಒಳ್ಳೆಯ ಮಾತು ಆಡುವುದೂ ನಮ್ಮ ಕರ್ತವ್ಯ. ಹಿರಿಯರನ್ನು ಕೇಂದ್ರಕ್ಕೆ ಸೇರಿಸುವುದು ಪಾಪವೆಂದು ನಾನು ಹೇಳಲಾರೆ. ಎಷ್ಟೋ ಮನೆಗಳಿಗೆ ಅದು ಅನಿವಾರ್ಯ. ಸೇರಿಸಿ ಮರೆಯುವುದು ತಪ್ಪು. ಕೇಂದ್ರಕ್ಕೆ ಹಣ ಸಲ್ಲಿಸಿದೊಡನೆ ನಮ್ಮ ಹೊಣೆ ತೀರುವುದಿಲ್ಲ. ಈ ವಾರ ನಿಮ್ಮ ಹಿರಿಯರನ್ನು ಕಾಣಲು ಹೋದಾಗ ಹಣ್ಣಿನ ಚೀಲವನ್ನು ಪಕ್ಕಕ್ಕಿಟ್ಟು, ಮೊದಲು ಅವರ ಹಿಮ್ಮಡಿಗಳನ್ನು ನೋಡಿರಿ.