ಪಂಪ್ ಬಿಚ್ಚುವ ಮೊದಲು

ಹಳೆಯ ಡೀಸೆಲ್ ಪಿಕಪ್ ಇಟ್ಟುಕೊಂಡವರ ಕಿವಿಗೆ ಪದೇ ಪದೇ ಬೀಳುವ ಮಾತು ಒಂದೇ: "ಪಂಪ್ ಹೋಗಿದೆ". ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ ಪಂಪ್, ಏರು ಹತ್ತದಿದ್ದರೆ ಪಂಪ್, ಹೊಗೆ ಬಂದರೂ ಪಂಪ್. ಕೋಲಾರದ ಕಡೆ ಟೊಮೆಟೊ ಬೆಳೆದು, ಸ್ವಂತ ಗಾಡಿಯಲ್ಲೇ ಮಂಡಿಗೆ ಹೊಡೆಯುತ್ತಾ ಬಂದ ನನ್ನ ಅನುಭವ ಬೇರೆ. ಪಂಪ್ ತಾನಾಗಿ ಕೆಡುವುದು ಅಪರೂಪ. ಅದಕ್ಕೆ ಬರುವ ಡೀಸೆಲ್, ಎಂಜಿನ್ನಿಗೆ ಬರುವ ಗಾಳಿ, ಸೆಲ್ಫ್ ಮೋಟಾರಿಗೆ ಬರುವ ಕರೆಂಟು, ಈ ಮೂರರ ದಾರಿಯಲ್ಲಿ ಎಲ್ಲೋ ಒಂದು ಸಣ್ಣ ಅಡಚಣೆ ಕೂತಿರುತ್ತದೆ. ಅದನ್ನು ಹುಡುಕದೆ ಪಂಪ್ ಬಿಚ್ಚಿಸಿದರೆ ದೊಡ್ಡ ಬಿಲ್ ಕಟ್ಟಿ ಅದೇ ಕಾಯಿಲೆಯನ್ನು ಮನೆಗೆ ವಾಪಸ್ ತರುತ್ತೇವೆ.

ನನ್ನದು ಕಾಮನ್ ರೈಲ್ ಬರುವುದಕ್ಕೆ ಮೊದಲಿನ ಗಾಡಿ. ನಾಲ್ಕು ಸಿಲಿಂಡರ್, ಮೆಕ್ಯಾನಿಕಲ್ ಪಂಪ್, ಕಂಪ್ಯೂಟರ್ ಇಲ್ಲ, ಸ್ಪಾರ್ಕ್ ಪ್ಲಗ್ ಅಂತೂ ಯಾವ ಡೀಸೆಲ್ ಎಂಜಿನ್ನಿಗೂ ಇಲ್ಲ. ಗಾಳಿಯನ್ನು ಬಲವಾಗಿ ಒತ್ತಿದಾಗ ಅದರ ಬಿಸಿ ಐನೂರು ಡಿಗ್ರಿ ದಾಟುತ್ತದೆ; ಆ ಬಿಸಿಗೆ ಡೀಸೆಲ್ ಸಿಂಪಡಣೆಯಾದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ಇಷ್ಟು ಅರ್ಥವಾದರೆ ಅರ್ಧ ರಿಪೇರಿ ಕಲಿತ ಹಾಗೆ. ಎಂಜಿನ್ ಸಾಕಷ್ಟು ವೇಗವಾಗಿ ತಿರುಗಬೇಕು, ಒತ್ತಿದ ಗಾಳಿ ಸೋರದೆ ನಿಲ್ಲಬೇಕು, ಡೀಸೆಲ್ ಗುಳ್ಳೆ ಇಲ್ಲದೆ ಬರಬೇಕು. ಸ್ಟಾರ್ಟ್ ಆಗದ ಗಾಡಿಯಲ್ಲಿ ಈ ಮೂರರಲ್ಲಿ ಒಂದು ತಪ್ಪಿರುತ್ತದೆ.

ಗುಳ್ಳೆಯ ವಿಷಯ ನಾನು ವಿವರವಾಗಿ ಬರೆಯಲೇಬೇಕು, ಏಕೆಂದರೆ ಹಳೆಯ ಗಾಡಿಗಳ ಅತಿ ಸಾಮಾನ್ಯ ತೊಂದರೆ ಇದು, ಅತಿ ಹೆಚ್ಚು ತಪ್ಪು ತಿಳಿಯುವುದೂ ಇದನ್ನೇ. ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ಡೀಸೆಲ್ ತಳ್ಳಿಸಿಕೊಂಡು ಬರುವುದಿಲ್ಲ, ಎಳೆಸಿಕೊಂಡು ಬರುತ್ತದೆ. ಎಳನೀರಿನ ಸ್ಟ್ರಾದಲ್ಲಿ ತೂತಿದ್ದರೆ ನೀರು ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಬರುತ್ತದೆ; ಇಲ್ಲಿಯೂ ಹಾಗೆಯೇ. ಬಿರುಕು ಬಿಟ್ಟ ರಬ್ಬರ್ ಹೋಸ್, ಸಡಿಲವಾದ ಕ್ಲಿಪ್, ಚಪ್ಪಟೆಯಾದ ಕಾಪರ್ ವಾಷರ್ ಹೊರಗಿನಿಂದ ಪೂರ್ತಿ ಒಣಗಿರುತ್ತವೆ. "ಎಲ್ಲೂ ಲೀಕ್ ಇಲ್ಲ, ಅಂದಮೇಲೆ ಪಂಪೇ" ಎಂಬ ತೀರ್ಮಾನ ಹುಟ್ಟುವುದು ಈ ಒಣಗಿದ ಪೈಪು ನೋಡಿಯೇ.

ನಮ್ಮ ಊರಿನ ಹತ್ತಿರದ ಹಿರಿಯ ಮೇಸ್ತ್ರಿಯೊಬ್ಬರು ನನಗೆ ಹೇಳಿಕೊಟ್ಟ ಪರೀಕ್ಷೆ ಸರಳ. ರಾತ್ರಿ ನಿಂತ ಗಾಡಿ ಬೆಳಿಗ್ಗೆ ತಿರುಗಿ ತಿರುಗಿ ಹೊತ್ತಿಕೊಳ್ಳದಿದ್ದರೆ ಸೆಲ್ಫ್ ಹೊಡೆಯುತ್ತಲೇ ಇರಬೇಡಿ. ಇಳಿದು, ಫಿಲ್ಟರ್ ಬಳಿಯ ಹ್ಯಾಂಡ್ ಪ್ರೈಮರನ್ನು ಗಟ್ಟಿಯಾಗುವವರೆಗೆ ಒತ್ತಿ. ಆಮೇಲೆ ಒಂದೇ ಸಲಕ್ಕೆ ಎಂಜಿನ್ ಹತ್ತಿಕೊಂಡರೆ ರಾತ್ರಿ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿದಿದೆ, ಎಲ್ಲೋ ಗಾಳಿ ಬರುತ್ತಿದೆ ಎಂದು ಗೊತ್ತಾಯಿತು. ಎಲ್ಲಿಂದ ಎಂದು ತಿಳಿಯಲು ಪಂಪಿಗೆ ಮೊದಲು ಒಂದು ತುಂಡು ಪಾರದರ್ಶಕ ಪೈಪ್ ಹಾಕಿ ಎಂಜಿನ್ ಓಡಿಸಿ ನೋಡಿ. ಗುಳ್ಳೆ ಕಂಡರೆ ಟ್ಯಾಂಕಿನ ದಾರಿ ಬಿಟ್ಟು, ಶುದ್ಧ ಡೀಸೆಲ್ ತುಂಬಿದ ಕ್ಯಾನಿನಿಂದ ನೇರವಾಗಿ ಫೀಡ್ ಪಂಪಿಗೆ ಹೋಸ್ ಕೊಡಿ. ಈಗ ಗುಳ್ಳೆ ನಿಂತರೆ ತೊಂದರೆ ಟ್ಯಾಂಕ್ ಕಡೆ, ನಿಲ್ಲದಿದ್ದರೆ ಫೀಡ್ ಪಂಪ್ ಅಥವಾ ಫಿಲ್ಟರ್ ಕಡೆ. ನನ್ನ ಗಾಡಿಯಲ್ಲಿ ಸಿಕ್ಕಿದ್ದು ಚಾಸಿಗೆ ಉಜ್ಜಿ ಉಜ್ಜಿ ಸವೆದ ಹೋಸಿನ ಅರ್ಧ ಅಂಗುಲ. "ಅಣ್ಣಾ, ಪಂಪು ಕೊನೇಲಿ ನೋಡೋದು. ಮೊದಲು ಟ್ಯಾಂಕಿಂದ ಬನ್ನಿ" ಎಂದು ಮೇಸ್ತ್ರಿ ಅಂದು ಹೇಳಿದ್ದನ್ನು ಇವತ್ತಿಗೂ ಪಾಲಿಸುತ್ತೇನೆ.

ಟ್ಯಾಂಕಿನ ಮುಚ್ಚಳವೂ ಇದೇ ದಾರಿಯಲ್ಲಿ ಸೇರುತ್ತದೆ. ಡೀಸೆಲ್ ಖಾಲಿಯಾದಂತೆ ಗಾಳಿ ಒಳಬರಲು ಒಂದು ಸಣ್ಣ ರಂಧ್ರ ಇರುತ್ತದೆ. ಅದು ಮಣ್ಣಿನಿಂದ ಮುಚ್ಚಿದರೆ ಗಾಡಿ ಹೊರಟಾಗ ಚೆನ್ನಾಗಿಯೇ ಇದ್ದು, ಹೋಗುತ್ತಾ ಹೋಗುತ್ತಾ ಸೊರಗುತ್ತದೆ. ಚಿತ್ತೂರಿನಿಂದ ವಾಪಸ್ ಬರುವಾಗ ಮೊಗಿಲಿ ಘಾಟಿನ ಏರಿನಲ್ಲಿ ಗಾಡಿ ಎಳೆಯದೆ ನಿಂತರೆ ಮೊದಲು ಮುಚ್ಚಳ ಬಿಚ್ಚಿ. ಸೊಯ್ ಎಂದು ಗಾಳಿ ಎಳೆದುಕೊಂಡರೆ ಕಾರಣ ಸಿಕ್ಕಿತು. ಖರ್ಚು ಇಲ್ಲದ ರಿಪೇರಿ.

ಪಂಪಿನ ಒಳಗಿನ ಪ್ಲಂಜರಿಗೂ ಅದರ ಬ್ಯಾರಲ್ಲಿಗೂ ನಡುವಿನ ಸಂದು ಎರಡು ಮೂರು ಮೈಕ್ರಾನ್ ಮಾತ್ರ. ಅದಕ್ಕೆ ಪ್ರತ್ಯೇಕ ಆಯಿಲ್ ಇಲ್ಲ, ಡೀಸೆಲ್ಲೇ ಜಾರುವಿಕೆ ಕೊಡಬೇಕು. ಅದಕ್ಕೇ ನೀರು ಸೇರಿದ ಡೀಸೆಲ್ ಮತ್ತು ಸೀಮೆಎಣ್ಣೆ ಬೆರೆಸಿದ ಡೀಸೆಲ್ ಪಂಪಿನ ನಿಜವಾದ ಶತ್ರುಗಳು. ಫಿಲ್ಟರ್ ಬಟ್ಟಲಿನ ಕೆಳಗಿನ ಸ್ಕ್ರೂ ಸಡಿಲಿಸಿ ನೀರು ಬಿಡುವುದು ನಿಮಿಷದ ಕೆಲಸ, ಮಳೆಗಾಲದಲ್ಲಿ ಮರೆಯಲೇಬಾರದು. ಬಿಎಸ್ ಮೂರರ ಕಾಲದಲ್ಲಿ ಡೀಸೆಲ್ಲಿನಲ್ಲಿ ಗಂಧಕ 350 ಪಿಪಿಎಂವರೆಗೆ ಇರುತ್ತಿತ್ತು, 2020ರ ಏಪ್ರಿಲ್‌ನಿಂದ ದೇಶದಾದ್ಯಂತ 10 ಪಿಪಿಎಂ. ಗಂಧಕ ತೆಗೆಯುವಾಗ ಜಾರುವಿಕೆಯೂ ಕಡಿಮೆಯಾಗುತ್ತದೆ ಎಂದು ಹೆದರಿ ಹಲವರು ಟೂ ಸ್ಟ್ರೋಕ್ ಆಯಿಲ್ ಸುರಿಯುತ್ತಾರೆ. ಆ ಕೊರತೆ ತುಂಬಲು ಬೇಕಾದ ರಾಸಾಯನಿಕವನ್ನು ಡೀಸೆಲ್ಲಿಗೆ ಮೊದಲೇ ಸೇರಿಸಿರುತ್ತಾರೆ. ಗಿರಾಕಿ ಹೆಚ್ಚಿರುವ ಬಂಕಿನಲ್ಲಿ ಡೀಸೆಲ್ ಹಾಕಿಸಿ, ಫಿಲ್ಟರನ್ನು ಕಾಲಕ್ಕೆ ಸರಿಯಾಗಿ ಬದಲಿಸಿದರೆ ಸಾಕೆಂಬುದು ನನ್ನ ಅಭಿಪ್ರಾಯ.

ಇನ್ನು ಕರೆಂಟು. ಸೆಲ್ಫ್ ನಿಧಾನ ತಿರುಗಿದರೆ ಒತ್ತಿದ ಗಾಳಿಯ ಬಿಸಿ ಸಿಲಿಂಡರ್ ಗೋಡೆಗೆ ಹೋಗಿಬಿಡುತ್ತದೆ, ಡೀಸೆಲ್ ಹೊತ್ತಿಕೊಳ್ಳುವುದಿಲ್ಲ, ಬಿಳಿ ಹೊಗೆ ಮಾತ್ರ ಬರುತ್ತದೆ. ಆಗ ಜನ ಬ್ಯಾಟರಿ ಬದಲಿಸುತ್ತಾರೆ. ಕೆಲವು ನೂರು ರೂಪಾಯಿಯ ಮಲ್ಟಿಮೀಟರ್ ಮನೆಯಲ್ಲಿದ್ದರೆ ಆ ಖರ್ಚು ಉಳಿಯಬಹುದು. ವಿಶ್ರಾಂತಿಯಲ್ಲಿರುವ ಒಳ್ಳೆಯ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು, ಎಂಜಿನ್ ಓಡುವಾಗ ಸುಮಾರು 14. ಎರಡೂ ಸರಿಯಿದ್ದು ಸೆಲ್ಫ್ ಸೋಮಾರಿಯಾಗಿದ್ದರೆ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದು ಎಂಜಿನ್ನಿನ ಬರಿ ಕಬ್ಬಿಣಕ್ಕೆ ಇಟ್ಟು ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ತ್ ಕೇಬಲ್ ತುಕ್ಕು ಹಿಡಿದಿದೆ. ಬಿಚ್ಚಿ, ಉಜ್ಜಿ, ಬಿಗಿ ಮಾಡಿ. ರೋಟರಿ ಪಂಪ್ ಇರುವ ಗಾಡಿಯಾದರೆ ಕೀ ತಿರುಗಿಸಿದಾಗ ಸೊಲೆನಾಯ್ಡ್ ಟಿಕ್ ಎನ್ನುತ್ತದೆಯೇ ಕೇಳಿಸಿಕೊಳ್ಳಿ. ಆ ಶಬ್ದ ಬಾರದಿದ್ದರೆ ವೈರ್ ಬಿಚ್ಚಿಕೊಂಡಿರಬಹುದು. ಕರೆಂಟ್ ಇಲ್ಲದೆ ಅದು ಡೀಸೆಲ್ ಬಿಡುವುದಿಲ್ಲ.

ಹೊಗೆಯ ಬಣ್ಣ ಓದಲು ಕಲಿಯುವುದು ಮೇಸ್ತ್ರಿಗೆ ಬಿಟ್ಟ ಕೆಲಸವಲ್ಲ. ಕಪ್ಪು ಎಂದರೆ ಡೀಸೆಲ್ ಜಾಸ್ತಿ ಅಥವಾ ಗಾಳಿ ಕಡಿಮೆ. ಮೊದಲು ಏರ್ ಫಿಲ್ಟರ್ ತೆಗೆದು ನೋಡಿ, ನಮ್ಮ ಮಣ್ಣಿನ ರಸ್ತೆಗಳಲ್ಲಿ ಅದು ಬೇಗ ತುಂಬುತ್ತದೆ. ನೀಲಿ ಎಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ನಾಜಲ್ ಅಥವಾ ಹೆಡ್ ಗ್ಯಾಸ್ಕೆಟ್ ನೋಡಿಸಬೇಕು. ಎಂಜಿನ್ ಎಡವುತ್ತಿದ್ದರೆ ಮೇಸ್ತ್ರಿಗಳು ಐಡಲ್‌ನಲ್ಲಿ ನಾಜಲ್ ಪೈಪುಗಳ ನಟ್ಟನ್ನು ಒಂದೊಂದಾಗಿ ಸಡಿಲಿಸುತ್ತಾರೆ: ಯಾವುದನ್ನು ಸಡಿಲಿಸಿದಾಗ ಶಬ್ದ ಬದಲಾಗುವುದಿಲ್ಲವೋ ಆ ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಇದನ್ನು ಕಾಮನ್ ರೈಲ್ ಗಾಡಿಯಲ್ಲಿ ಎಂದೂ ಮಾಡಬೇಡಿ. ಅಲ್ಲಿನ ಒತ್ತಡ ಸಾವಿರ ಬಾರ್ ದಾಟುತ್ತದೆ. ಹಳೆಯದರಲ್ಲಿಯೂ ಚಿಮ್ಮುವ ಡೀಸೆಲ್ಲಿಗೆ ಕೈ ಅಡ್ಡ ಹಿಡಿಯಬಾರದು. ಚರ್ಮ ತೂರಿ ಒಳಗೆ ಹೋದರೆ ಗಾಯ ಸೂಜಿಮೊನೆಯಷ್ಟೇ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಲೇಬೇಕು.

ನಮ್ಮ ಜಿಲ್ಲೆಯ ಗಾಡಿಗಳಿಗೆ ಇನ್ನೊಂದು ಕಾಯಿಲೆ ನೀರಿನಿಂದ ಬರುತ್ತದೆ. ಸಾವಿರ ಅಡಿ ಆಳದ ಬೋರಿನ ಗಡಸು ನೀರನ್ನು ರೇಡಿಯೇಟರಿಗೆ ಸುರಿಯುತ್ತಾ ಹೋದರೆ ಒಳಗಿನ ಸಣ್ಣ ಕೊಳವೆಗಳಲ್ಲಿ ಬಿಳಿ ಸುಣ್ಣ ಕಟ್ಟುತ್ತದೆ. ಹೊರಗಿನಿಂದ ರೇಡಿಯೇಟರ್ ಹೊಸದರಂತೆ ಕಂಡರೂ ಬಿಸಿ ಹೊರಹೋಗುವುದಿಲ್ಲ. ಲೋಡಿನಲ್ಲಿ ಮುಳ್ಳು ಏರುತ್ತದೆ, ಹೆಡ್ ಬಾಗುತ್ತದೆ, ಗ್ಯಾಸ್ಕೆಟ್ ಹೋಗುತ್ತದೆ. ಹೊಲದ ಪಕ್ಕದಲ್ಲೇ ನೀರಿದ್ದರೂ ನಾನು ಹಾಕುವುದು ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಸಮಪಾಲು. ದಾರಿಯಲ್ಲಿ ತುರ್ತಿಗೆ ಬೇರೆ ನೀರು ಹಾಕಬೇಕಾಗಿ ಬಂದರೆ ಊರಿಗೆ ಬಂದ ಮೇಲೆ ಪೂರ್ತಿ ಬಸಿದು ತೊಳೆಸುತ್ತೇನೆ. ಡಿಪ್ ಸ್ಟಿಕ್‌ನಲ್ಲಿ ಆಯಿಲ್ ಬಿಳಿಚಿ ನೊರೆಯಾಗಿ ಕಂಡರೆ ಒಂದು ಕಿಲೋಮೀಟರ್ ಕೂಡ ಓಡಿಸಬಾರದು.

ಕೆಳಭಾಗದ ಕೆಲಸ ಬೇಸರದ್ದು, ಆದರೆ ಜೀವ ಉಳಿಸುವಂಥದ್ದು. ಗ್ರೀಸ್ ನಿಪ್ಪಲ್ ಒಂದನ್ನೂ ಬಿಡಬಾರದು. ಪಟ್ಟಾ ಒಂದು ಎಲೆ ಸೀಳಿದ್ದರೂ ಲೋಡ್ ಹಾಕಬಾರದು. ಟೊಮೆಟೊ ರೇಟು ಏರಿದ ದಿನ ಹದಿನೈದು ಕೆಜಿಯ ಬಾಕ್ಸು ಇನ್ನೊಂದು ಸಾಲು ಏರಿಸೋಣ ಎನ್ನುವ ಆಸೆ ಎಲ್ಲರಿಗೂ ಬರುತ್ತದೆ. ಬ್ರೇಕಿಗೆ ಆ ರೇಟು ಗೊತ್ತಿಲ್ಲ. ಎಂಟು ವರ್ಷ ದಾಟಿದ ಸರಕು ಗಾಡಿಗೆ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕು. ಹಲವರಿಗೆ ಅದೊಂದು ಪೀಡೆ. ನಾನು ಅದನ್ನು ಬ್ರೇಕ್ ಲೈನಿಂಗ್, ವೀಲ್ ಬೇರಿಂಗ್, ಸ್ಟೀರಿಂಗ್ ಜಾಯಿಂಟ್ ಎಲ್ಲವನ್ನೂ ಬಿಚ್ಚಿ ನೋಡಿಸುವ ತಿಂಗಳಾಗಿ ಇಟ್ಟುಕೊಂಡಿದ್ದೇನೆ.

ಈಗ ನನ್ನ ಗಾಡಿಯ ಆಯಿಲ್ ಫಿಲ್ಲರ್ ಮುಚ್ಚಳ ತೆಗೆದರೆ ಮೊದಲಿಗಿಂತ ಸ್ವಲ್ಪ ಹೆಚ್ಚು ಹೊಗೆ ಬರುತ್ತಿದೆ. ಎಂಜಿನ್ ಇಳಿಸಿ ಬೋರ್ ಕೆಲಸ ಮಾಡಿಸಿಬಿಡಿ ಎನ್ನುವವರಿದ್ದಾರೆ. ಸೀಸನ್ ಮುಗಿದ ಕೂಡಲೇ ಟ್ಯಾಪೆಟ್ ಸೆಟ್ ಮಾಡಿಸಿ, ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ಅಳೆಸುತ್ತೇನೆ. ನಾಲ್ಕೂ ಹತ್ತಿರ ಹತ್ತಿರ ಇದ್ದು, ಕಂಪನಿ ಹೇಳಿದ ಕನಿಷ್ಠಕ್ಕಿಂತ ಮೇಲಿದ್ದರೆ ಆಯಿಲ್ ಬದಲಿಸಿ ಇನ್ನೊಂದು ಬೆಳೆಗೆ ಓಡಿಸುವೆ. ಒಂದು ಮಾತ್ರ ಕಡಿಮೆ ಬಂದರೆ ಹೆಡ್ ತೆಗೆದು ವಾಲ್ವ್ ನೋಡಿಸುವುದು ಮೊದಲು. ಬೋರಿನ ಮಾತು ಅದರ ನಂತರ.